ಬೆರಳಿನ ಗುರುತು

ತನ್ನ ಲ್ಯಾಪ್‌ಟಾಪಿನ ಪರದೆಯನ್ನು ಯಾರಾದರೂ ಮುಟ್ಟಿದರೆ ಎಕ್ಸ್‌ರೇ ತೆಗೆಯುವವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದರಲ್ಲೂ ಆ ಡಾಕ್ಟರು! ಬೋಂಡಾ ತಿಂದ ಕೈಯಲ್ಲೇ "ನೋಡಯ್ಯ, ಇಲ್ಲಿ ಮುರಿದಿದೆ" ಎಂದು ಬೆರಳೊತ್ತಿ, ಕಪ್ಪು ಚಿತ್ರದ ಮೇಲೆ ಎಣ್ಣೆಯ ಬಿಳಿಚು ಗುರುತು ಬಿಟ್ಟು ಎದ್ದುಹೋಗುವ ಆಸಾಮಿ. ಅವರ ಹಿಂದೆಯೇ ಒರೆಸಲೆಂದು ಇವನ ಜೇಬಿನಲ್ಲಿ ಸದಾ ಒಂದು ಹಳದಿ ಬಟ್ಟೆ ಇರುತ್ತಿತ್ತು.

ಅಂದು ಮಧ್ಯಾಹ್ನ ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ಕೆಮ್ಮಿದಳು.

"ಹದಿನೈದು ದಿನ ಆಯ್ತಲ್ಲ ಇದು? ಹೇಗೂ ಬಂದಿದ್ದೀಯ, ಎದೆದೊಂದು ಎಕ್ಸ್‌ರೇ ತೆಗೆದುಬಿಡ್ತೀನಿ ಬಾ."

"ಸುಮ್ನಿರಿ, ಐಸ್‌ಕ್ರೀಂ ತಿಂದ ಕೆಮ್ಮಿಗೆಲ್ಲ ಎಕ್ಸ್‌ರೇನಾ!" ಎಂದು ನಗುತ್ತಲೇ ಅವಳು ಯಂತ್ರದ ಮುಂದೆ ನಿಂತಳು.

ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಇವನು ಒಳಗೆ ಬರುವಷ್ಟರಲ್ಲಿ ಡಾಕ್ಟರು ಲ್ಯಾಪ್‌ಟಾಪಿನ ಮುಂದೆ ಕೂತಾಗಿತ್ತು. ಹೆಂಡತಿಯ ಎದೆಯ ಚಿತ್ರದ ಮೇಲೆ, ಒಂದು ಪಕ್ಕಕ್ಕೆ, ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಗುರುತು.

"ಮತ್ತೆ ಮುಟ್ಟಿದ್ರಾ ಸಾರ್! ಎಷ್ಟು ಸಲ ಹೇಳೋದು ನಿಮಗೆ?"

ಇವನು ಹಳದಿ ಬಟ್ಟೆ ತೆಗೆದು ಒರೆಸಿದ. ಹಾ ಎಂದು ಉಸಿರು ಊದಿ, ಇನ್ನಷ್ಟು ಒತ್ತಿ ಒರೆಸಿದ.

"ಅದೇನು ತಿಂದ್ರಿ ಸಾರ್ ಇವತ್ತು? ಹೋಗ್ತಾನೇ ಇಲ್ವಲ್ಲ!"

ಹೊರಗೆ ಹೆಂಡತಿ ಮತ್ತೆ ಕೆಮ್ಮಿದಳು. ಡಾಕ್ಟರು ಮೆಲ್ಲಗೆ ಅವನ ಕೈ ಹಿಡಿದು ನಿಲ್ಲಿಸಿದರು.

"ಇವತ್ತು ನಾನು ಮುಟ್ಟೇ ಇಲ್ಲ ಕಣಯ್ಯ."