ಅಜ್ಜನ ಸಪ್ಲೈ ಲೈನ್

ಕಣದಲ್ಲಿ ಒಣಗುವ ಕಾಫಿ ಹಣ್ಣಿನ ಹುಳಿ ವಾಸನೆ ಬಂದರೆ ಈಗಲೂ ನನಗೆ ಮಹಾಯುದ್ಧ ನೆನಪಾಗುತ್ತದೆ.

ಬರ್ಮಾದಲ್ಲಿ ಕಾದಾಡಿ ಬಂದಿದ್ದ ಅಜ್ಜ ಒಂದು ಮಧ್ಯಾಹ್ನ ಕಣದ ಹಣ್ಣುಗಳನ್ನೇ ಎರಡು ಸೈನ್ಯ ಮಾಡಿ ನನಗೆ ಪಾಠ ಹೇಳುತ್ತಿದ್ದರು. “ಧೈರ್ಯ, ಬಂದೂಕು ಎಲ್ಲ ಆಮೇಲೆ ಮಗಾ. ಅನ್ನ, ಗುಂಡು ಬರೋ ಸಪ್ಲೈ ಲೈನ್ ಕೆಟ್ಟರೆ ಎಂಥ ಸೈನ್ಯವೂ ಸೋತ ಹಾಗೆ!”

ಮೆಣಸು ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟರು. ಅವರಿಗೆ ಗೊತ್ತಿದ್ದ ಲೈನ್ ಒಂದೇ, ತೋಟದ ಕೆಲಸದವರ ಸಾಲುಮನೆ.

“ಮಳೆಗಾಲದಿಂದ ನಾನು ಬಡ್ಕೊಳ್ತಿರೋದೂ ಅದೇ ಅಲ್ವಾ? ಲೈನ್ ಸೋರ್ತದೆ ಅಂತ ಆಳುಗಳೆಲ್ಲ ಪಕ್ಕದ ಎಸ್ಟೇಟಿಗೆ ಹೋದ್ರು. ಹಣ್ಣು ಉದುರ್ತಾ ಉಂಟು. ಪಿಕಿಂಗ್ ನಿಮ್ಮ ಸೈನ್ಯ ಮಾಡ್ತದಾ?”

ಅಜ್ಜ ಏಣಿ ತಂದು, ಹೆಂಚು ಹೊತ್ತು ಲೈನಿನ ಮಾಡು ಹತ್ತಿದರು.

“ಇನ್ನೂ ಎಡಕ್ಕೆ!” ಏಣಿ ಹಿಡಿದಿದ್ದ ಅಜ್ಜಿ ಕೆಳಗಿನಿಂದ ಕೂಗಿದರು.

“ಯೆಸ್ ಸರ್,” ಎಂದರು ಅಜ್ಜ.