ಇಬ್ಬರಿಗೆ ಒಂದೇ ಸೈಕಲ್ಲು

ವಿಜಯಪುರದ ಹೊರವಲಯ... ಬೆಳಗಿನ ಏಳು ಗಂಟೆ.

ಹುಡುಗಿಯರ ಸೈಕಲ್ ರೇಸ್‌ಗೆ ಇನ್ನು ಒಂದೇ ತಾಸು. ಗೆದ್ದ ಒಬ್ಬಳಿಗೆ ಮಾತ್ರ ರಾಜ್ಯ ತಂಡದಲ್ಲಿ ಜಾಗ!

ಅಭ್ಯಾಸಕ್ಕೆ ಹೊರಟಿದ್ದ ದಾನಮ್ಮ, ಶೈಲಾ ಇಬ್ಬರೂ ತಿರುವಿನಲ್ಲಿ ಡಿಕ್ಕಿಯಾಗಿ ಬಿದ್ದರು...

ದಾನಮ್ಮ ಧೂಳು ಕೊಡವಿ ಎದ್ದಳು. "ಏನೂ ಆಗಿಲ್ಲ ಕಾಕಾ, ಬಣ್ಣಾ ಸೈತ ಹೋಗಿಲ್ಲ!"

ಓಡಿ ಬಂದಿದ್ದ ರೇಸಿನ ಮೆಕ್ಯಾನಿಕ್ ದಸ್ತಗೀರ್ ಕಾಕಾ ನಕ್ಕರು. "ಬಣ್ಣ ಸುಳ್ಳು ಹೇಳ್ತೈತವ್ವಾ... ದಾರ ಹೇಳಂಗಿಲ್ಲ. ತಾ ಇಲ್ಲಿ."

ದೇವರ ಹೆಸರು ಹೇಳಿ, ಹಿಂದಿನ ಗಾಲಿ ಕೂಡುವ ಜಾಗದ ಒಂದು ಬದಿಗೆ ದಾರ ಕಟ್ಟಿದರು. ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿಸಿ ಇನ್ನೊಂದು ಬದಿಗೆ ಎಳೆದು ಬಿಗಿದರು. ಸೀಟಿನ ಕೊಳವೆಗೂ ದಾರಕ್ಕೂ ಎಷ್ಟು ಅಂತರ?

ಎಡಕ್ಕೆ ಮೂವತ್ತು ಮಿಲಿಮೀಟರ್... ಬಲಕ್ಕೂ ಮೂವತ್ತು!

"ಫ್ರೇಮ್ ನೆಟ್ಟಗ ಐತಿ!" ದಾನಮ್ಮ ಜಿಗಿದಳು.

"ಕುಣೀಬ್ಯಾಡ. ಫೋರ್ಕ್ ಇನ್ನಾ ನೋಡಿಲ್ಲ."

ಮುಂದಿನ ಗಾಲಿ ಹಿಡಿಯುವ ಫೋರ್ಕಿನ ಮೇಲೆ ಕಾಕಾ ಉಗುರು ಎಳೆದರು. ಉಗುರು ಒಂದು ಕಡೆ ನಿಂತಿತು... ಬಣ್ಣದಡಿಯಲ್ಲಿ ಸಣ್ಣ ಸುಕ್ಕು.

"ಬಾಗೈತಿ. ಇದರ ಮ್ಯಾಲೆ ಇಳಿಜಾರು ಇಳದ್ರ ಹಲ್ಲು ಒಂದೂ ಉಳಿಯಂಗಿಲ್ಲ."

ದಾನಮ್ಮನ ಕಣ್ಣು ತುಂಬಿತು...

ಕಾಕಾ ಶೈಲಾಳ ಸೈಕಲ್ಲಿಗೂ ದಾರ ಕಟ್ಟಿದರು. ಎಡಕ್ಕೆ ಇಪ್ಪತ್ತಾರು, ಬಲಕ್ಕೆ ಮೂವತ್ತನಾಲ್ಕು. ಫ್ರೇಮೇ ಸೊಟ್ಟ!

ಆದರೆ ಅವಳ ಫೋರ್ಕ್? ಚೂರೂ ಬಾಗಿರಲಿಲ್ಲ!

ಎರಡೂ ಒಂದೇ ಅಳತೆಯ ಸೈಕಲ್ಲು. ದೇವರು ಒಂದೇ ಸೈಕಲ್ಲನ್ನು ಇಬ್ಬರಿಗೂ ಅರ್ಧರ್ಧ ಹಂಚಿ ಇಟ್ಟಂತಿತ್ತು... ಏರುವವರು ಯಾರು?

ಶೈಲಾ ಮುಖ ಆಚೆ ತಿರುಗಿಸಿದಳು. "ನನ್ನ ಫೋರ್ಕ್ ಬಿಚ್ಚಿ ಅಕಿಗೆ ಹಾಕ್ರಿ ಕಾಕಾ. ತಿರುವಿನ್ಯಾಗ ಅಡ್ಡ ಬಂದಾಕಿ ನಾನ."

ದಾನಮ್ಮ ಅವಳ ಬೆನ್ನಿಗೊಂದು ಗುದ್ದಿದಳು. "ಹುಚ್ಚೀ! ಇದು ಒಬ್ಬೊಬ್ಬರನ್ನ ಬಿಟ್ಟು ಟೈಮ್ ನೋಡೂ ರೇಸ್. ನಾ ಮೊದಲ ಹೋಗಿ ಬರ್ತೀನಿ, ನೀ ಕಡೀಕ ಹೋಗು!"

ತೀರ್ಪುಗಾರರು ಒಪ್ಪಿದರು. ಕಾಕಾನ ಪಾನಾ ಚಕಚಕನೆ ತಿರುಗಿ, ಶೈಲಾಳ ಫೋರ್ಕ್ ದಾನಮ್ಮನ ಸೈಕಲ್ಲಿಗೆ ಬಂತು...

ದಾನಮ್ಮ ಗಾಳಿಯಂತೆ ಹೋಗಿ ಬಂದಳು. ಹದಿನಾರು ನಿಮಿಷ ಒಂಬತ್ತು ಸೆಕೆಂಡು!

ಇಳಿದವಳೇ ಸೈಕಲ್ ದೂಡಿಕೊಂಡು ಓಡಿದಳು. ಸರದಿ ಬಂದಾಗ ಶೈಲಾಳನ್ನು ಹತ್ತಿಸಿ ಕೂಗಿದಳು, "ಹೊಡೀಲೇ!"

ಉಳಿದ ಯಾರೂ ದಾನಮ್ಮನ ಸಮಯವನ್ನು ಮುಟ್ಟಿರಲಿಲ್ಲ... ಕೊನೆಗೆ ಶೈಲಾ ಬಂದಳು.

ಹದಿನಾರು ನಿಮಿಷ ಐದು ಸೆಕೆಂಡು.

ಬರೀ ನಾಲ್ಕು ಸೆಕೆಂಡಿಗೆ ದಾನಮ್ಮನ ಜಾಗ ಹೋಯಿತು...

ಕಾಕಾ ಮೆಲ್ಲಗೆ ಕೇಳಿದರು, "ಕೊಡಬಾರದಿತ್ತು ಅನಸ್ತೈತೇನವ್ವಾ?"

ದಾನಮ್ಮ ಅಳುತ್ತಲೇ ನಕ್ಕಳು. "ಒಂದೀಟು ಅನಸ್ತೈತ್ರೀ... ಆದ್ರ ಅಕೀನ ಹೊರಗ ಕುಂದ್ರಿಸಿ ನಾ ಗೆದ್ದಿದ್ರ, ಅದು ಗೆದ್ದಂಗ ಏನ್ರೀ ಕಾಕಾ?"

ಗೆದ್ದವಳು ಓಡಿ ಬಂದು, ಸೋತವಳ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

*ಬಿದ್ದ ಮೇಲೆ ಏನು ಬಾಗಿದೆ ಎಂದಷ್ಟೇ ಅಲ್ಲ, ಏನು ನೆಟ್ಟಗೆ ಉಳಿದಿದೆ ಎಂದೂ ನೋಡಬೇಕು.*

ನಿಮ್ಮಲ್ಲಿ ನೆಟ್ಟಗೆ ಉಳಿದಿರುವುದು ಇವತ್ತು ಯಾರಿಗೆ ಬೇಕಾಗಿದೆ?