ಅನುಭವ ಇಲ್ಲ

“ಹದಿನಾರು ವರ್ಷ ಮನೆಯಲ್ಲೇ ಇದ್ದೆ ಅಂತ ಹೇಳಿಬಿಡಿ ಮೇಡಂ,” ಎಂದ ತರಬೇತುದಾರ.

ದನದ ಡಾಕ್ಟರಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆ ಹದಿನಾರು ವರ್ಷಗಳಲ್ಲಿ ಆಕೆ ಮನೆಯಲ್ಲಿ ಇದ್ದದ್ದೇ ಕಡಿಮೆ. ಹೊಟ್ಟೆಯಲ್ಲಿ ಕರು ಅಡ್ಡಲಾಗಿ ಸಿಕ್ಕಿಕೊಂಡ ಹಸುಗಳ ಹಿಂದೆ ಸಗಣಿಯಲ್ಲಿ ಮಂಡಿಯೂರಿ, ಹೆಗಲವರೆಗೆ ಕೈ ತೂರಿಸಿ ಎಷ್ಟು ಕರುಗಳನ್ನು ಎಳೆದು ಹಾಕಿದ್ದಳೋ ಲೆಕ್ಕವಿಲ್ಲ. ಎಮ್ಮೆ ಒದ್ದು ಮುರಿದ ಮೊಣಕೈ ಇವತ್ತಿಗೂ ನೆಟ್ಟಗಾಗಿರಲಿಲ್ಲ.

“ಈ ಡಿಗ್ರಿ ನೋಡಿ ತಾನೇ ಆ ದೇಶದೋರು ನಮ್ಮ ಮನೆಯ ಮೂರೂ ಜನಕ್ಕೆ ವೀಸಾ ಕೊಟ್ಟಿದ್ದು?”

“ವೀಸಾ ಕೊಡೋದು ಸರ್ಕಾರ ಮೇಡಂ, ಕೆಲಸ ಕೊಡೋದು ಅಂಗಡಿಯೋರು. ಅಲ್ಲಿ ಡಾಕ್ಟರಾಗಿ ಕೂರಬೇಕಂದ್ರೆ ಇನ್ನೂ ನಾಲ್ಕೈದು ವರ್ಷ ಪರೀಕ್ಷೆ ಬರೀಬೇಕು. ಅಲ್ಲೀತನಕ ಹೊಟ್ಟೆ ಕೇಳುತ್ತಾ? ನಾಯಿ ತೊಳೆಯೋ ಕೆಲಸಕ್ಕೆ ಡಾಕ್ಟರನ್ನ ಯಾರು ತಗೋತಾರೆ? ಅನುಭವ ಜಾಸ್ತಿಯಾಯ್ತು ಅಂತ ಅರ್ಜಿ ಪಕ್ಕಕ್ಕೆ ಇಡ್ತಾರೆ ಅಷ್ಟೆ.”

ಹೊರಡುವ ಮೊದಲೇ ಅಲ್ಲಿಯ ಕೆಲಸಕ್ಕೆ ತಯಾರು ಮಾಡುವ ತರಗತಿ ಅದು. ಇಪ್ಪತ್ತು ಜನ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಆಕೆ ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿದಳು. “ನೀವಾದ್ರೂ ಒಂದು ಮಾತು ಹೇಳ್ರೀ!”

ಅವನು ತನ್ನ ಬೂಟು ನೋಡಿಕೊಳ್ಳುತ್ತ ಕೂತಿದ್ದ. “ಹೋದ ವಾರಾನೇ ನಿನ್ನ ಅರ್ಜಿ ಹಾಗೇ ಬರೆದು ಕಳಿಸಿಬಿಟ್ಟೆ ಕಣೇ. ಅನುಭವ ಇಲ್ಲ, ಗೃಹಿಣಿ ಅಂತ. ಹೇಳಿದ್ರೆ ಕೂಗಾಡ್ತೀಯ ಅಂತ ಸುಮ್ಮನಿದ್ದೆ. ಸಂದರ್ಶನ ಇವತ್ತೇ ಇದೆ.”

ಎಮ್ಮೆ ಒದ್ದಾಗಲೂ ಅಷ್ಟು ನೋವಾಗಿರಲಿಲ್ಲ. ಎದ್ದು ಹೋಗಿಬಿಡಬಹುದಿತ್ತು. ಆದರೆ ಅವನು ನಕ್ಷೆ ಬರೆಯುವ ತನ್ನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು, ಮಗಳನ್ನು ಶಾಲೆಯಿಂದ ಬಿಡಿಸಿಯಾಗಿತ್ತು, ಇದ್ದ ಮನೆಗೆ ಬೇರೆಯವರು ಬರುವ ದಿನವೂ ಗೊತ್ತಾಗಿತ್ತು. ಹಲ್ಲು ಕಚ್ಚಿಕೊಂಡು ಪಕ್ಕದ ಸಣ್ಣ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಗಂಡನೂ ತರಬೇತುದಾರನೂ ಕ್ಯಾಮೆರಾಕ್ಕೆ ಕಾಣದಂತೆ ಗೋಡೆಗೆ ಒರಗಿ ನಿಂತರು.

ಪರದೆಯ ಮೇಲೆ ಬಂದವಳು ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿಯ ಯಜಮಾನಿ. ಪ್ರಾಣಿಗಳೆಂದರೆ ಇಷ್ಟವೇ? ಇಷ್ಟ. ಇಡೀ ದಿನ ನಿಂತು ಅಭ್ಯಾಸವಿದೆಯೇ? ಇದೆ. ಹೇಳಿಕೊಟ್ಟದ್ದನ್ನು ಡಾಕ್ಟರಮ್ಮ ಗಿಣಿಯ ಹಾಗೆ ಒಪ್ಪಿಸುತ್ತಿದ್ದಳು. ಆದರೆ ಕಣ್ಣು ಮಾತ್ರ ಯಜಮಾನಿಯ ಹಿಂದಿದ್ದ ದೊಡ್ಡ ನಾಯಿಯ ಮೇಲೇ ಇತ್ತು. ಅದು ಕೂರಲಾರದೆ ನಿಲ್ಲಲಾರದೆ ಚಡಪಡಿಸುತ್ತಿತ್ತು. ಬಾಯಿಂದ ಜೊಲ್ಲು. ಮತ್ತೆ ಮತ್ತೆ ಓಕರಿಸಿದರೂ ಏನೂ ಹೊರಬರುತ್ತಿರಲಿಲ್ಲ.

“ನಿಮ್ಮ ನಾಯಿ ಎಷ್ಟು ಹೊತ್ತಿಂದ ಹೀಗೆ ಮಾಡ್ತಿದೆ?”

ತರಬೇತುದಾರ ಬಾಯಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದ.

“ಅರ್ಧ ಗಂಟೆಯಿಂದ. ಏನೋ ತಿಂದಿರಬೇಕು. ಅದಿರಲಿ, ಕೆಲಸದ ವೇಳೆ...”

“ಹೊಟ್ಟೆ ತಟ್ಟಿ ನೋಡಿ.”

ಯಜಮಾನಿ ಗೊಣಗುತ್ತಲೇ ತಟ್ಟಿದಳು. ತಮಟೆಯ ಸದ್ದು ಇಲ್ಲಿಗೇ ಕೇಳಿದಂತಾಯಿತು.

“ಜಠರ ತಿರುಚಿಕೊಂಡಿದೆ. ಈಗಿಂದೀಗಲೇ ಆಪರೇಷನ್ ಆಗ್ಲಿಲ್ಲ ಅಂದ್ರೆ ಸತ್ತುಹೋಗುತ್ತೆ. ಕೆಲಸ ಗಿಲಸ ಎಲ್ಲಾ ಆಮೇಲೆ. ಏಳಿ ಮೇಲೆ!”

“ನೀವು ಗೃಹಿಣಿ ಅಂತ ಬರೆದಿದೆಯಲ್ಲ? ನಿಮಗೆ ಹೇಗೆ...”

“ನಾನು ಡಾಕ್ಟರು!”

ಪರದೆ ಕಪ್ಪಾಯಿತು.

“ಮುಗೀತು,” ಎಂದ ಗಂಡ. “ಬಂದ ಕೆಲಸಕ್ಕೆ ನೀನೇ ಕಲ್ಲು ಹಾಕಿದೆ.”

“ಸಾಯ್ತಿರೋ ಪ್ರಾಣಿ ಮುಂದೆ ಬಾಯಿ ಮುಚ್ಕೊಂಡು ಕೂರೋದನ್ನ ನಾನು ಕಲಿತಿಲ್ಲ. ನೀವು ಬೇಕಿದ್ರೆ ಕಲೀರಿ,” ಎಂದಳು.

ಮೂರನೆಯ ದಿನ ಉತ್ತರ ಬಂತು. ತರಬೇತುದಾರ ಅದನ್ನು ಇಡೀ ತರಗತಿಗೆ ಕೇಳುವಂತೆ ಓದಿದ. ನಾಯಿ ಉಳಿದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಬಿಟ್ಟು ಹೋಗುತ್ತಿತ್ತೆಂದು ಅಲ್ಲಿಯ ವೈದ್ಯರು ಹೇಳಿದ್ದರಂತೆ. ಯಜಮಾನಿ ಜನ್ಮದಲ್ಲಿ ಈ ಉಪಕಾರ ಮರೆಯುವುದಿಲ್ಲವಂತೆ. ಆದ್ದರಿಂದ ನಾಯಿಗಳಿಗೆ ಸ್ನಾನ ಮಾಡಿಸಿ ಉಗುರು ಕತ್ತರಿಸುವ ಕೆಲಸ ಡಾಕ್ಟರಮ್ಮನಿಗೇ. ಒಂದೇ ಒಂದು ಷರತ್ತು: ಗಿರಾಕಿಗಳ ಎದುರು ಕಾಯಿಲೆಯ ಮಾತೆತ್ತಬಾರದು.

ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡನ ಕಣ್ಣು ತುಂಬಿತ್ತು. ಆಕೆ ಒಪ್ಪಿಗೆ ಪತ್ರ ಎಳೆದುಕೊಂಡು ಸಹಿ ಹಾಕಿದಳು. ಒತ್ತಿದ ರಭಸಕ್ಕೆ ಪೆನ್ನಿನ ಮೊನೆ ಕಾಗದವನ್ನು ಸೀಳಿ ಮೇಜಿನ ಮೇಲೆ ಗೀರಿತು.

“ಒಂದು ಫೋಟೊ ಮೇಡಂ,” ತರಬೇತುದಾರ ಮೊಬೈಲು ಎತ್ತಿದ. “ನಮ್ಮಲ್ಲಿ ಗೆದ್ದೋರ ಫೋಟೊ ಹೊರಗಡೆ ಗೋಡೆಗೆ ಹಾಕ್ತೀವಿ.”

“ಕೆಳಗೆ ಏನಂತ ಬರೀತೀರಿ?”

“ಡಾಕ್ಟರ್ ಅಂತಾನೇ ಮೇಡಂ, ದಪ್ಪ ಅಕ್ಷರದಲ್ಲಿ! ಅದನ್ನ ನೋಡೇ ಅಲ್ವಾ ಹೊಸಬರು ಬಂದು ಸೇರೋದು?”